ವಿಜ್ಞಾನವೂ ಬೇಕು, ಸಮಾಜವೂ ಬೇಕು: ಮೇಜರ್ ಆರಿಸುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಎಲ್ಲವೂ ಒಂದೇ ವಿಷಯದ ಸುತ್ತ ಇವೆ. ಅಮೆರಿಕದ ಕಾಲೇಜುಗಳಲ್ಲಿ ‘ಸೈನ್ಸ್ ಅಂಡ್ ಸೊಸೈಟಿ’, ‘ಬಯಾಲಜಿ ಅಂಡ್ ಸೊಸೈಟಿ’, ‘ಸೈನ್ಸ್, ಟೆಕ್ನಾಲಜಿ ಅಂಡ್ ಸೊಸೈಟಿ’ ಅಂತ ಬೇರೆ ಬೇರೆ ಹೆಸರಲ್ಲಿ ಸಿಗುವ ಮೇಜರ್, ಅಂದರೆ ಪದವಿಯಲ್ಲಿ ಮುಖ್ಯವಾಗಿ ಓದುವ ವಿಷಯ, ಇದು. ವಿಜ್ಞಾನವನ್ನೂ ಓದಬೇಕು, ಆ ವಿಜ್ಞಾನ ಜನರ ನಡುವೆ ಹೇಗೆ ಹುಟ್ಟಿತು, ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಅನ್ನುವುದನ್ನೂ ಓದಬೇಕು.

ಪ್ರಶ್ನೆ: ಮೇಡಂ, ನಮ್ಮೂರು ತೀರ್ಥಹಳ್ಳಿ ಹತ್ತಿರ. ಈಗ ನ್ಯೂಯಾರ್ಕ್ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ. ಬಯಾಲಜಿ ಮೇಜರ್ ಮಾಡಬೇಕು ಅಂತ ಬಂದವನು. ಆದರೆ ವೈರಸ್ ಬಗ್ಗೆ ಪಾಠ ಕೇಳುವಾಗೆಲ್ಲ ನನಗೆ ಊರಿನ ಮಂಗನ ಕಾಯಿಲೆ ನೆನಪಾಗುತ್ತದೆ. ನನ್ನ ತಲೆಗೆ ಬರುವ ಪ್ರಶ್ನೆಗಳಿಗೆ ಲ್ಯಾಬಿನಲ್ಲಿ ಉತ್ತರ ಸಿಗುವುದಿಲ್ಲ. ಹಾಗಾಗಿ ‘ಬಯಾಲಜಿ ಅಂಡ್ ಸೊಸೈಟಿ’ಗೆ ಹೋಗಬೇಕು ಅಂದುಕೊಂಡಿದ್ದೇನೆ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಮೇಜರ್ ಡಿಕ್ಲೇರ್ ಮಾಡಬೇಕು. ಯಾಕೆ ಈ ಮೇಜರ್ ಅಂತ ಒಂದು ಪುಟ ಬರೆಯಬೇಕು, ಉಳಿದ ನಾಲ್ಕು ಸೆಮಿಸ್ಟರ್‌ಗೆ ಕೋರ್ಸ್ ಪಟ್ಟಿ ಕೊಡಬೇಕು. ಪಟ್ಟಿ ನೋಡಿದರೆ ಎಲ್ಲವೂ ಬೇಕು ಅನಿಸುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಕೋರ್ಸ್ ಪಟ್ಟಿಯನ್ನು ಪಕ್ಕಕ್ಕಿಡಿ. ಶುರು ಮಾಡಬೇಕಾದ್ದು ನಿಮ್ಮದೇ ಪತ್ರದಿಂದ. ಮಂಗನ ಕಾಯಿಲೆ ಅಂತ ಬರೆದಿದ್ದೀರಲ್ಲ, ಅದನ್ನೇ ಹಿಡಿದುಕೊಳ್ಳಿ.

ಈ ಮೇಜರ್‌ನಲ್ಲಿ ಸೋಲುವವರು ಸಾಮಾನ್ಯವಾಗಿ ಓದದವರಲ್ಲ. ಸ್ವಲ್ಪ ಬಯಾಲಜಿ, ಸ್ವಲ್ಪ ಇತಿಹಾಸ, ಸ್ವಲ್ಪ ನೀತಿಶಾಸ್ತ್ರ, ಒಂದು ಸಮಾಜಶಾಸ್ತ್ರ ಅಂತ ಇಷ್ಟವಾದದ್ದನ್ನೆಲ್ಲ ತೆಗೆದುಕೊಂಡು, ಕೊನೆಯ ವರ್ಷಕ್ಕೆ ಬಂದಾಗ ಯಾವುದರಲ್ಲೂ ಆಳ ಇಲ್ಲದೆ ನಿಲ್ಲುವವರು. ಒಂದು ಡಿಪಾರ್ಟ್‌ಮೆಂಟಿನ ಮೇಜರ್ ಆದರೆ ಅದೇ ನಿಮ್ಮನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಕರೆದೊಯ್ಯುತ್ತದೆ. ಇಲ್ಲಿ ಮೆಟ್ಟಿಲು ನೀವೇ ಕಟ್ಟಿಕೊಳ್ಳಬೇಕು. ಅದಕ್ಕೆ ಒಂದು ಪ್ರಶ್ನೆ ಬೇಕು, ಬರೀ ಆಸಕ್ತಿ ಸಾಲದು.

ನಿಮ್ಮ ಪ್ರಶ್ನೆಯನ್ನೇ ಬಿಡಿಸಿ ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಪತ್ತೆಯಾದ ವೈರಸ್ ಇದು. ಉಣುಗು ಕಚ್ಚಿದರೆ ಮನುಷ್ಯರಿಗೆ ಬರುತ್ತದೆ. ಇಲ್ಲಿಯವರೆಗೆ ಬಯಾಲಜಿ. ಆದರೆ ಉಣುಗು ಯಾರಿಗೆ ಕಚ್ಚುತ್ತದೆ? ಸೌದೆಗೆ, ಸೊಪ್ಪಿಗೆ, ದರಗಿಗೆ ಅಂತ ಕಾಡಿಗೆ ಹೋಗುವವರಿಗೆ, ದನ ಮೇಯಿಸುವವರಿಗೆ. ಅಂದರೆ ಇದು ದುಡಿಮೆಯ ಪ್ರಶ್ನೆಯೂ ಹೌದು. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಗೇರು ತೋಟಕ್ಕೆ ಅಂತ ಕಾಡು ಕಡಿದ ಮೇಲೆ ಅಲ್ಲಿ ಕಾಯಿಲೆ ಜೋರಾಗಿ ಕಾಣಿಸಿಕೊಂಡಿತು. ಹಾಗಾದರೆ ಭೂಮಿ ಬಳಕೆಯ ಪ್ರಶ್ನೆಯೂ ಆಯಿತು. ಲಸಿಕೆ ಇತ್ತು, ಆದರೆ ಚುಚ್ಚಿದ ಜಾಗ ತುಂಬ ನೋಯುತ್ತಿತ್ತು, ಒಂದಕ್ಕಿಂತ ಹೆಚ್ಚು ಸಲ ಹಾಕಿಸಿಕೊಳ್ಳಬೇಕಿತ್ತು, ಕೂಲಿ ಬಿಟ್ಟು ಬರಬೇಕಿತ್ತು, ಎಷ್ಟೋ ಜನ ಹಾಕಿಸಿಕೊಳ್ಳಲಿಲ್ಲ. ಅದು ಅಷ್ಟಾಗಿ ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾಗಿ 2022ರಲ್ಲಿ ಅದರ ಬಳಕೆಯೇ ನಿಂತಿತು. ಕೆಲವೇ ತಾಲ್ಲೂಕುಗಳ ಬಡವರಿಗೆ ಬರುವ ಕಾಯಿಲೆಗೆ ಒಳ್ಳೆಯ ಲಸಿಕೆ ತಯಾರಾಗಲು ಯಾಕೆ ಇಷ್ಟು ದಶಕ ಬೇಕು? ಇದು ವೈರಾಲಜಿಯೂ ಹೌದು, ರಾಜಕೀಯವೂ ಹೌದು. ನೋಡಿ, ಒಂದು ಕಾಯಿಲೆಯನ್ನು ಹಿಡಿದು ಹೊರಟರೆ ಕೋರ್ಸ್‌ಗಳು ತಾವಾಗಿಯೇ ಸಾಲಾಗಿ ಬಂದು ನಿಲ್ಲುತ್ತವೆ: ಪರಿಸರ ವಿಜ್ಞಾನ, ವೈರಾಲಜಿ, ಕಾಯಿಲೆ ಹೇಗೆ ಹರಡುತ್ತದೆ ಅಂತ ನೋಡುವ ಎಪಿಡೆಮಿಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಒಂದು ಕಡೆ. ವೈದ್ಯಕೀಯ ಮಾನವಶಾಸ್ತ್ರ, ಸಾರ್ವಜನಿಕ ಆರೋಗ್ಯದ ಇತಿಹಾಸ, ಕಾಡಿನ ಇತಿಹಾಸ, ವಿಜ್ಞಾನ ನೀತಿ ಇನ್ನೊಂದು ಕಡೆ.

ಈಗ ಪಟ್ಟಿ ತೆಗೆಯಿರಿ. ಹೆಚ್ಚಿನ ಕಾಲೇಜುಗಳಲ್ಲಿ ಈ ಮೇಜರ್‌ನ ಒಳಗೆ ಹೆಚ್ಚು ಕಡಿಮೆ ಇವೇ ಇರುತ್ತವೆ. ವಿಜ್ಞಾನದ ತಳಪಾಯದ ಕೋರ್ಸ್‌ಗಳು, ಈ ಕ್ಷೇತ್ರವನ್ನು ಪರಿಚಯಿಸುವ ಒಂದೆರಡು ಕೋರ್ಸ್, ಸಂಶೋಧನೆ ಮಾಡುವ ವಿಧಾನ ಕಲಿಸುವ ಒಂದು, ನೀವೇ ಆರಿಸಿಕೊಂಡ ವಿಷಯದ ಸುತ್ತ ಕೆಲವು, ಕೊನೆಯ ವರ್ಷದಲ್ಲಿ ಸೆಮಿನಾರ್ ಅಥವಾ ಪ್ರಬಂಧ. ಇದರಲ್ಲಿ ಎಲ್ಲರೂ ಹಗುರವಾಗಿ ನೋಡುವುದು ಆ ವಿಧಾನದ ಕೋರ್ಸನ್ನು. ನನ್ನ ಮಟ್ಟಿಗೆ ಅದೇ ಮುಖ್ಯ. ಸಂದರ್ಶನ ಹೇಗೆ ಮಾಡಬೇಕು, ಹಳೆಯ ದಾಖಲೆ ಹೇಗೆ ಓದಬೇಕು, ಅಂಕಿಅಂಶ ಹೇಗೆ ಅಳೆಯಬೇಕು ಅಂತ ಗೊತ್ತಿಲ್ಲದಿದ್ದರೆ ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಅದು ಮಾತಿನಲ್ಲೇ ಉಳಿಯುತ್ತದೆ. ಅದನ್ನು ಮೂರನೇ ವರ್ಷದ ಮೊದಲ ಸೆಮಿಸ್ಟರ್‌ನಲ್ಲೇ ಮುಗಿಸಿ. ಸ್ಟ್ಯಾಟಿಸ್ಟಿಕ್ಸ್ ಇನ್ನೂ ಆಗಿಲ್ಲ ಅಂದರೆ ಅದೂ ಆಗಲೇ.

ವಿಜ್ಞಾನವನ್ನು ಮೊದಲ ವರ್ಷದ ಕೋರ್ಸ್‌ಗಳಿಗೇ ನಿಲ್ಲಿಸಬೇಡಿ. ನಿಯಮಕ್ಕೆ ಅಷ್ಟೇ ಸಾಕಾಗಬಹುದು, ನಿಮಗೆ ಸಾಲದು. ಮೇಲಿನ ಹಂತದ ವಿಜ್ಞಾನದ ಕೋರ್ಸ್ ಎರಡಾದರೂ ಇರಲಿ, ಒಂದರಲ್ಲಿ ಲ್ಯಾಬ್ ಇದ್ದರೆ ಇನ್ನೂ ಒಳ್ಳೆಯದು. ಒಂದು ವೈರಾಲಜಿ ಲೇಖನವನ್ನು ಕೈಗೆತ್ತಿಕೊಂಡು, ಅದರಲ್ಲಿರುವ ಪಟ್ಟಿಯನ್ನೂ ಗ್ರಾಫನ್ನೂ ಯಾರ ಸಹಾಯವಿಲ್ಲದೆ ಓದಿ, ‘ಇಲ್ಲಿ ಇವರು ಹೇಳಿದ್ದಕ್ಕೆ ಆಧಾರ ಸಾಲದು’ ಅಂತ ಹೇಳುವಷ್ಟು ಬರಬೇಕು. ಅದು ಬರದೆ ವಿಜ್ಞಾನವನ್ನು ವಿಮರ್ಶೆ ಮಾಡಲು ಹೋದರೆ ವಿಜ್ಞಾನಿಗಳು ಕೇಳುವುದಿಲ್ಲ, ಅವರು ಕೇಳದಿರುವುದರಲ್ಲಿ ತಪ್ಪೂ ಇಲ್ಲ.

ನಾಲ್ಕು ಸೆಮಿಸ್ಟರ್‌ಗಳನ್ನು ಹಿಂದಿನಿಂದ ಮುಂದಕ್ಕೆ ತುಂಬಿ. ಅಂದರೆ ಎಂಟನೇ ಸೆಮಿಸ್ಟರ್‌ನಲ್ಲಿ ಪ್ರಬಂಧ ಮುಗಿಸಬೇಕು ಅಂದರೆ ಏಳರಲ್ಲಿ ಬರೆಯಲು ಶುರು ಮಾಡಿರಬೇಕು, ಆರರ ಕೊನೆಯ ಬೇಸಿಗೆಯಲ್ಲಿ ಸಾಮಗ್ರಿ ಕಲೆ ಹಾಕಿರಬೇಕು, ಅದಕ್ಕೆ ಆರರಲ್ಲೇ ಒಬ್ಬರು ಪ್ರೊಫೆಸರ್ ಒಪ್ಪಿರಬೇಕು. ಹಾಗಾದರೆ ಐದರಲ್ಲಿ ಆ ಪ್ರೊಫೆಸರ್ ಕೋರ್ಸ್ ತೆಗೆದುಕೊಂಡಿದ್ದರೆ ಒಳ್ಳೆಯದು ಅಲ್ವಾ? ಇನ್ನೊಂದು ವಿಷಯ. ಇಂಥ ಮೇಜರ್‌ಗಳಿಗೆ ಎಷ್ಟೋ ಕಡೆ ಸ್ವಂತ ಪ್ರಾಧ್ಯಾಪಕರು ಕಡಿಮೆ, ಬೇರೆ ಡಿಪಾರ್ಟ್‌ಮೆಂಟಿನವರೇ ಬಂದು ಪಾಠ ಮಾಡುತ್ತಾರೆ. ಒಂದು ಕೋರ್ಸ್ ಎರಡು ವರ್ಷಕ್ಕೊಮ್ಮೆ ಮಾತ್ರ ಇರಬಹುದು, ಪ್ರೊಫೆಸರ್ ಒಂದು ವರ್ಷ ರಜೆಯ ಮೇಲೆ ಹೋಗಿರಬಹುದು. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಮುಖ್ಯ ಕೋರ್ಸ್‌ಗೂ ‘ಇದು ಮುಂದೆ ಯಾವಾಗ ಇರುತ್ತದೆ’ ಅಂತ ಪ್ರೋಗ್ರಾಂ ಕಚೇರಿಗೆ ಒಂದು ಇಮೇಲ್ ಹಾಕಿ ಕೇಳಿ, ಪ್ರತಿಯೊಂದಕ್ಕೂ ಒಂದು ಬದಲಿ ಬರೆದಿಟ್ಟುಕೊಳ್ಳಿ. ಒಂದೇ ಕೋರ್ಸನ್ನು ಎರಡು ಕಡೆ ಲೆಕ್ಕಕ್ಕೆ ಹಿಡಿಯಬಹುದಾ, ಗ್ರೇಡ್ ಇಲ್ಲದೆ ಬರೀ ಪಾಸ್-ಫೇಲ್ ಅಂತ ತೆಗೆದುಕೊಂಡ ಕೋರ್ಸ್ ಮೇಜರ್‌ಗೆ ನಡೆಯುತ್ತದಾ ಅನ್ನುವುದನ್ನೂ ಆಗಲೇ ಕೇಳಿಬಿಡಿ. ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಕೋರ್ಸ್ ಕಡಿಮೆ ಬಿದ್ದು ಪದವಿ ನಿಂತುಹೋಗುವುದು ಇಂಥ ಸಣ್ಣ ನಿಯಮಗಳಿಂದಲೇ.

ಇನ್ನು ಆ ಒಂದು ಪುಟ. ‘ನನಗೆ ವಿಜ್ಞಾನವೂ ಇಷ್ಟ, ಜನರೂ ಇಷ್ಟ’ ಅಂತ ಬರೆಯಬೇಡಿ. ಅದನ್ನು ಎಲ್ಲರೂ ಬರೆಯುತ್ತಾರೆ. ‘ಮಂಗನ ಕಾಯಿಲೆಗೆ ಲಸಿಕೆ ಇದ್ದ ದಿನಗಳಲ್ಲೂ ಕಾಡಿಗೆ ಹೋಗುವ ಜನ ಅದನ್ನು ಯಾಕೆ ಹಾಕಿಸಿಕೊಳ್ಳಲಿಲ್ಲ, ಆ ಕಾರಣಗಳು ಹೊಸ ಲಸಿಕೆ ತಯಾರಿಸುವವರಿಗೆ ತಲುಪುತ್ತವೆಯಾ’ ಅಂತ ಎರಡು ಸಾಲಿನಲ್ಲಿ ಪ್ರಶ್ನೆ ಇಡಿ. ಅದಕ್ಕೆ ಬರೀ ಬಯಾಲಜಿ ಯಾಕೆ ಸಾಲದು, ಬರೀ ಮಾನವಶಾಸ್ತ್ರ ಯಾಕೆ ಸಾಲದು ಅಂತ ಹೇಳಿ. ಈಗಾಗಲೇ ಓದಿದ ಯಾವ ಎರಡು ಕೋರ್ಸ್‌ಗಳಿಂದ ಈ ಪ್ರಶ್ನೆ ಗಟ್ಟಿಯಾಯಿತು, ಮುಂದೆ ಓದುವ ಯಾವ ಕೋರ್ಸ್‌ಗಳಿಂದ ಇದಕ್ಕೆ ಉತ್ತರ ಹುಡುಕುತ್ತೀರಿ ಅಂತ ಹೆಸರು ಹಿಡಿದು ಬರೆಯಿರಿ. ಮುಂದೆ ಪ್ರಶ್ನೆ ಬದಲಾದರೆ ಯಾರೂ ನಿಮ್ಮನ್ನು ಹಿಡಿದು ಕೇಳುವುದಿಲ್ಲ. ಮೇಜರ್ ಡಿಕ್ಲೇರ್ ಮಾಡಿದ ಮೇಲೂ ಬದಲಿಸಲು ಸಾಧ್ಯವಿದೆ. ಆದರೆ ಪ್ರಶ್ನೆಯೇ ಇಲ್ಲದೆ ಹೋಗಬೇಡಿ.

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಡಾಕ್ಟರ್ ಆಗುತ್ತೇನೆ ಅಂತಲೇ ಕಾಲೇಜಿಗೆ ಸೇರಿದಳು. ಈಗ ‘ಹೆಲ್ತ್ ಅಂಡ್ ಸೊಸೈಟಿ’ ಥರದ ಮೇಜರ್ ಬೇಕು ಅನ್ನುತ್ತಿದ್ದಾಳೆ. ನಮ್ಮ ಯಜಮಾನರು ಇದೇನು ಹೊಸ ಫ್ಯಾಷನ್ನು, ಮೆಡಿಕಲ್ ಸೀಟ್ ಸಿಗುವುದಿಲ್ಲ ಅಂತ ಎರಡು ವಾರದಿಂದ ಮಗಳ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ನನಗೆ ಇಬ್ಬರ ನಡುವೆ ಏನು ಹೇಳಬೇಕೋ ತೋಚುತ್ತಿಲ್ಲ.

ಉತ್ತರ: ನಿಮ್ಮ ಯಜಮಾನರ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಪಿಯುಸಿಯಲ್ಲಿ ಪಿಸಿಎಂಬಿ ಬಿಟ್ಟರೆ ಡಾಕ್ಟರ್ ದಾರಿ ಮುಚ್ಚಿತು. ಆ ಲೆಕ್ಕ ಮನಸ್ಸಿನಲ್ಲಿ ಕೂತಿರುತ್ತದೆ. ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಮೆಡಿಕಲ್ ಶಾಲೆಗೆ ಹೋಗುವುದು ನಾಲ್ಕು ವರ್ಷದ ಪದವಿ ಮುಗಿದ ಮೇಲೆ, ಮೇಜರ್ ಇಂಥದ್ದೇ ಆಗಿರಬೇಕು ಅಂತ ಇಲ್ಲ. ಇರಬೇಕಾದ್ದು ಕೆಲವು ಕೋರ್ಸ್‌ಗಳು. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಇವು ಸಾಮಾನ್ಯವಾಗಿ ಒಂದೊಂದು ವರ್ಷ, ಲ್ಯಾಬ್ ಸಮೇತ. ಜೊತೆಗೆ ಬಯೋಕೆಮಿಸ್ಟ್ರಿಯನ್ನೂ ಹಲವು ಶಾಲೆಗಳು ಕೇಳುತ್ತವೆ. ಇವನ್ನು ಮಗಳು ಬಿಡುವಂತಿಲ್ಲ. ಇದರಲ್ಲಿ ಒಳ್ಳೆಯ ಗ್ರೇಡ್ ಬಂದರೆ ಮೇಜರ್‌ನ ಹೆಸರು ಅಡ್ಡ ಬರುವುದಿಲ್ಲ.

ಇನ್ನೊಂದು ಮಾತನ್ನು ಯಜಮಾನರಿಗೆ ತಪ್ಪದೆ ಹೇಳಿ. ಮೆಡಿಕಲ್ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆಯಲ್ಲಿ ನಾಲ್ಕು ಭಾಗ. 2015ರಿಂದ ಅದರಲ್ಲಿ ಒಂದು ಇಡೀ ಭಾಗ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ ಮೇಲೆ ಇದೆ. ಇನ್ನೊಂದು ಭಾಗದಲ್ಲಿ ಸಮಾಜ, ಕಲೆ, ಇತಿಹಾಸದ ಬರಹಗಳನ್ನು ಕೊಟ್ಟು ತರ್ಕ ಮಾಡಿಸುತ್ತಾರೆ. ಬಡ ಬಡಾವಣೆಯಲ್ಲಿ ಸಕ್ಕರೆ ಕಾಯಿಲೆ ಯಾಕೆ ಜಾಸ್ತಿ, ಒಂದೇ ಔಷಧಿಯನ್ನು ಒಬ್ಬರು ನುಂಗುತ್ತಾರೆ, ಇನ್ನೊಬ್ಬರು ಯಾಕೆ ಬಿಡುತ್ತಾರೆ, ಇಂಥದ್ದನ್ನು ಡಾಕ್ಟರ್ ಆಗುವವರು ತಿಳಿದಿರಬೇಕು ಅಂತ ಪರೀಕ್ಷೆ ನಡೆಸುವವರೇ ತೀರ್ಮಾನಿಸಿದ್ದಾರೆ. ನಿಮ್ಮ ಮಗಳು ಅದನ್ನೇ ಓದಲು ಹೊರಟಿದ್ದಾಳೆ.

ಹೊಸ ಫ್ಯಾಷನ್ ಅಂತೂ ಅಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಈ ಬಗೆಯ ಕಾರ್ಯಕ್ರಮ 1971ರಲ್ಲೇ ಶುರುವಾಯಿತು, ಎಂಐಟಿಯಲ್ಲಿ 1976ರಲ್ಲಿ. ಅಣುಬಾಂಬು, ಕೀಟನಾಶಕ, ವಿಯೆಟ್ನಾಂ ಯುದ್ಧದಲ್ಲಿ ಬಳಸಿದ ರಾಸಾಯನಿಕ, ಇವೆಲ್ಲ ನೋಡಿದ ತಲೆಮಾರು ‘ವಿಜ್ಞಾನ ಮಾಡಿದರೆ ಸಾಕಾ, ಅದರ ಪರಿಣಾಮಕ್ಕೆ ಯಾರು ಹೊಣೆ’ ಅಂತ ಕೇಳಿದ ಕಾಲ ಅದು. ಕಾರ್ನೆಲ್‌ನಲ್ಲಿ 1991ರಲ್ಲಿ ಇದಕ್ಕೆ ಪ್ರತ್ಯೇಕ ಡಿಪಾರ್ಟ್‌ಮೆಂಟೇ ಆಯಿತು. ಅದನ್ನು ಕಟ್ಟಿ ಮೊದಲು ನಡೆಸಿದವರು ಕೋಲ್ಕತ್ತದಲ್ಲಿ ಹುಟ್ಟಿದ ಶೀಲಾ ಜಸನಾಫ್. ಆಮೇಲೆ ಅವರು ಹಾರ್ವರ್ಡ್‌ಗೆ ಹೋದರು, 2022ರಲ್ಲಿ ನಾರ್ವೆಯ ಹೋಲ್ಬರ್ಗ್ ಪ್ರಶಸ್ತಿ ಪಡೆದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ‘ಹೆಲ್ತ್ ಅಂಡ್ ಸೊಸೈಟೀಸ್’, ವ್ಯಾಂಡರ್‌ಬಿಲ್ಟ್‌ನಲ್ಲಿ ‘ಮೆಡಿಸಿನ್, ಹೆಲ್ತ್ ಅಂಡ್ ಸೊಸೈಟಿ’ ಅನ್ನುವ ಮೇಜರ್‌ಗಳಿವೆ. ಡಾಕ್ಟರ್ ಆಗಬೇಕು ಅಂದುಕೊಂಡ ಎಷ್ಟೋ ಮಕ್ಕಳು ಅಲ್ಲಿ ಓದುತ್ತಾರೆ.

ಆದರೆ ಮಗಳಿಗೂ ಒಂದು ಮಾತು. ಎರಡೂ ದಾರಿಯ ಹೊರೆ ಹಗುರವಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿ ಇರುವ ಸೆಮಿಸ್ಟರ್‌ನಲ್ಲೇ ವಾರಕ್ಕೆ ಇನ್ನೂರು ಪುಟ ಓದಿಸುವ ಇತಿಹಾಸದ ಸೆಮಿನಾರ್ ಹಾಕಿಕೊಂಡರೆ ಎರಡೂ ಕೆಡುತ್ತವೆ. ಮೆಡಿಕಲ್‌ಗೆ ಬೇಕಾದ ಕೋರ್ಸ್‌ಗಳನ್ನು ಮೊದಲು ಖಾನೆಗಳಲ್ಲಿ ಕೂರಿಸಿ, ಉಳಿದ ಜಾಗಕ್ಕೆ ಮೇಜರ್ ತುಂಬಲಿ. ಮೆಡಿಕಲ್ ತಯಾರಿಗೆ ಇರುವ ಪ್ರೀ-ಮೆಡ್ ಸಲಹೆಗಾರರು ಬೇರೆ, ಮೇಜರ್ ಸಲಹೆಗಾರರು ಬೇರೆ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಒಂದೇ ಹಾಳೆಯನ್ನು ಇಬ್ಬರಿಗೂ ತೋರಿಸಿ ಸರಿಯಿದೆಯಾ ಅಂತ ಕೇಳಲಿ. ಆ ಹಾಳೆಯನ್ನು ಅಪ್ಪನಿಗೂ ತೋರಿಸಲಿ. ಆರ್ಗ್ಯಾನಿಕ್ ಕೆಮಿಸ್ಟ್ರಿ ಯಾವ ಸೆಮಿಸ್ಟರ್‌ನಲ್ಲಿದೆ, ಎಂಕ್ಯಾಟ್ ಯಾವ ಬೇಸಿಗೆಯಲ್ಲಿ ಅಂತ ಕಣ್ಣಿಗೆ ಕಂಡರೆ ಅವರ ಅರ್ಧ ಭಯ ಇಳಿಯುತ್ತದೆ. ಮಾತು ಶುರುವಾಗಲು ಅಷ್ಟು ಸಾಕು.

ಪ್ರಶ್ನೆ: ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಸಾಲ ಮಾಡಿ ಮಗನನ್ನು ಕ್ಯಾಲಿಫೋರ್ನಿಯಾಗೆ ಓದಲು ಕಳಿಸಿದ್ದೇವೆ. ಕಂಪ್ಯೂಟರ್ ಸೈನ್ಸ್ ಬಿಟ್ಟು ‘ಸೈನ್ಸ್, ಟೆಕ್ನಾಲಜಿ ಅಂಡ್ ಸೊಸೈಟಿ’ ತೆಗೆದುಕೊಳ್ಳುತ್ತೇನೆ ಅನ್ನುತ್ತಾನೆ. ಕೆಲಸ ಸಿಗುತ್ತದಾ?

ಉತ್ತರ: ಸರ್, ಮಗ ಫಾರಂಗೆ ಸಹಿ ಹಾಕುವ ಮೊದಲು ವೀಸಾ ವಿಷಯ ನೋಡಲಿ. ಇದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ. ಎಫ್-1 ವೀಸಾದಲ್ಲಿ ಓದಿದವರಿಗೆ ಪದವಿ ಆದಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಅವಕಾಶ ಇದೆ. ಪದವಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸೇರಿಸಿ ಕೇಳಬಹುದು. ಒಂದು ವರ್ಷವೋ ಮೂರು ವರ್ಷವೋ ಅನ್ನುವುದು ಸಾಲ ತೀರಿಸುವ ಮನೆಗೆ ದೊಡ್ಡ ವ್ಯತ್ಯಾಸ. ಸ್ಟೆಮ್ ಹೌದಾ ಅಲ್ವಾ ಅನ್ನುವುದನ್ನು ಮೇಜರ್‌ನ ಹೆಸರು ನೋಡಿ ಹೇಳಲಾಗದು. ಪ್ರತಿ ಮೇಜರ್‌ಗೂ ಕಾಲೇಜು ಕೊಟ್ಟ ಸಿಐಪಿ ಕೋಡ್ ಅಂತ ಆರು ಅಂಕಿಯ ಸಂಖ್ಯೆ ಇರುತ್ತದೆ, ಅದು ವೀಸಾಕ್ಕೆ ಅಂತ ಕಾಲೇಜು ಕೊಡುವ ಐ-20 ಕಾಗದದಲ್ಲಿ ನಮೂದಾಗುತ್ತದೆ. ಹತ್ತಿರ ಹತ್ತಿರದ ಹೆಸರಿನ ಮೇಜರ್‌ಗೆ ಎರಡು ಕಾಲೇಜುಗಳಲ್ಲಿ ಎರಡು ಕೋಡ್ ಇರಬಹುದು. ಮಗ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ‘ಈ ಮೇಜರ್‌ನ ಕೋಡ್ ಯಾವುದು, ಅದು ಈಗಿನ ಸ್ಟೆಮ್ ಪಟ್ಟಿಯಲ್ಲಿದೆಯಾ’ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಲಿ. ಮೇಜರ್ ಬದಲಿಸಿದರೆ ಐ-20 ಕೂಡ ಬದಲಾಗಬೇಕು. ಮೈನರ್ ಆಗಿ, ಅಂದರೆ ಕೆಲವೇ ಕೋರ್ಸ್‌ಗಳ ಎರಡನೇ ವಿಷಯವಾಗಿ, ಕಂಪ್ಯೂಟರ್ ಸೈನ್ಸ್ ಇಟ್ಟುಕೊಂಡರೆ ಅದು ಸ್ಟೆಮ್ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸಾಲ ಇರುವಾಗ ಕಂಪ್ಯೂಟರ್ ಸೈನ್ಸ್ ಪೂರ್ತಿ ಬಿಡುವ ಬದಲು ಎರಡನ್ನೂ ಮೇಜರ್ ಆಗಿ ಮಾಡಲು ಸಾಧ್ಯವಾ ಅಂತ ನೋಡಲಿ. ಎರಡರ ಹೆಸರೂ ಐ-20ಯಲ್ಲಿ ಇರಲಿ. ಸ್ಟ್ಯಾನ್‌ಫರ್ಡ್‌ನಂಥ ಕಡೆ ಈ ಮೇಜರ್‌ನಲ್ಲಿ ಬಿಎ, ಬಿಎಸ್ ಎರಡೂ ಇವೆ. ಬಿಎಸ್‌ನಲ್ಲಿ ತಾಂತ್ರಿಕ ಕೋರ್ಸ್ ಜಾಸ್ತಿ. ಮಗನ ಕಾಲೇಜಿನಲ್ಲಿ ಆ ಆಯ್ಕೆ ಇದ್ದರೆ ಅದನ್ನೂ ಗಮನಿಸಲಿ. ಈ ಮೇಜರ್ ಓದಿದವರು ಹೋಗುವ ಕಡೆಗಳು ಇವೆ: ಕಂಪನಿಗಳಲ್ಲಿ ಬಳಕೆದಾರರನ್ನು ಅಧ್ಯಯನ ಮಾಡುವ ಕೆಲಸ, ಡೇಟಾ ಗೋಪ್ಯತೆಯ ನೀತಿ, ಆರೋಗ್ಯ ಇಲಾಖೆಗಳು, ವಿಜ್ಞಾನ ಬರವಣಿಗೆ, ಪೇಟೆಂಟ್ ಕಾನೂನು. ಆದರೆ ಕ್ಯಾಂಪಸ್‌ಗೆ ಬಂದು ಸಾಲಾಗಿ ಕರೆದುಕೊಂಡು ಹೋಗುವ ಕೆಲಸಗಳಲ್ಲ. ಮೂರನೇ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್ ತಾನೇ ಹುಡುಕಬೇಕು. ಅದಕ್ಕೆ ಮಗ ಸಿದ್ಧ ಇದ್ದಾನಾ ಅಂತ ಕೇಳಿ. ಸಿದ್ಧ ಇದ್ದರೆ ತಡೆಯಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಅವನು ಓಡಿಹೋಗುತ್ತಿಲ್ಲ. ಕಂಪ್ಯೂಟರ್ ಯಾರ ಬದುಕನ್ನು ಹೇಗೆ ಬದಲಿಸುತ್ತಿದೆ ಅಂತ ತಿಳಿದ ಎಂಜಿನಿಯರ್‌ಗಳು ಈಗ ತುಂಬ ಬೇಕು.

ಪ್ರಶ್ನೆ: ನಾನು ತುಮಕೂರಿನಲ್ಲಿ ಬಿಎಸ್ಸಿ ಮೊದಲ ವರ್ಷ ಓದುತ್ತಿದ್ದೇನೆ. ಇಂಥ ಕೋರ್ಸ್ ಅಮೆರಿಕದಲ್ಲಿ ಮಾತ್ರವಾ? ನಮ್ಮಂಥವರು ಏನು ಮಾಡಬೇಕು?

ಉತ್ತರ: ಹೆಸರು ಅಮೆರಿಕದ್ದು ಇರಬಹುದು, ಕೆಲಸ ನಿಮ್ಮ ಜಿಲ್ಲೆಯಲ್ಲೇ ನಡೆದಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್ಸಿ) ‘ಅಸ್ತ್ರ’ ಅಂತ ಒಂದು ಕೇಂದ್ರ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲು. ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿ ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರ್. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು, ಹತ್ತಿರದ ಪುರ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಮಾಡಿದರು. ಮೊದಲು ಅಂದುಕೊಂಡದ್ದು ಅಡುಗೆಗೆ ಅನಿಲ ಕೊಡೋಣ ಅಂತ. ಊರಿನ ಸಗಣಿಯಿಂದ ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ, ಯೋಜನೆ ನಿಂತಿತು. ಆಮೇಲೆ ಊರವರ ಜೊತೆ ಕೂತು ನಿಮಗೆ ಏನು ಬೇಕು ಅಂತ ಕೇಳಿದರು. ಕುಡಿಯುವ ನೀರು ಬೇಕು, ದೀಪ ಬೇಕು ಅಂದರು. 1980ರ ದಶಕದಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ, ಕರೆಂಟ್ ಮಾಡಿ, ನೀರೆತ್ತಿ ಮನೆ ಹತ್ತಿರದ ನಲ್ಲಿಗೆ ಬಿಟ್ಟರು, ಬಲ್ಬು ಉರಿಸಿದರು. ಸಗಣಿ ತಂದು ಹಾಕಿದವರಿಗೆ ದುಡ್ಡು ಕೊಟ್ಟರು, ತರುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಗೊಬ್ಬರ ತಿರುಗಿ ಹೊಲಕ್ಕೆ ಹೋಯಿತು. ಹಣ ಸಂಗ್ರಹಿಸುವ, ನಿರ್ಧಾರ ಮಾಡುವ ಕೆಲಸಕ್ಕೆ ಊರಿನದೇ ಸಮಿತಿ.

ಇದನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ಘಟಕ ಅದೇ, ಸಗಣಿ ಅದೇ, ಕೆಮಿಸ್ಟ್ರಿ ಅದೇ. ಮೊದಲ ಸಲ ನಿಂತುಹೋದದ್ದು ಎರಡನೇ ಸಲ ನಡೆದದ್ದು ಯಾಕೆ? ಈ ಪ್ರಶ್ನೆಯನ್ನು ಬಿಡಿಸುವುದೇ ಆ ಮೇಜರ್‌ನ ಓದು. ನಿಮಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿದೆ ಆ ಊರು. ಅಮೆರಿಕದ ವಿದ್ಯಾರ್ಥಿಗೆ ಆ ಭಾಗ್ಯ ಇಲ್ಲ.

ಕೋರ್ಸ್ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ಈ ಓಡಾಟದಲ್ಲಿ ವಿದ್ಯಾರ್ಥಿಗಳು ಪಟ್ಟ ಗೊಂದಲ ನನಗೆ ಬೇಸರ ತಂದಿದೆ. ನೀವು ಮಾತ್ರ ಅದರಿಂದ ಧೈರ್ಯ ಕಳೆದುಕೊಳ್ಳಬೇಡಿ. ಬಿಎಸ್ಸಿಯನ್ನು ಗಟ್ಟಿಯಾಗಿ ಮುಗಿಸಿ, ಸಮಾಜದ ಕಡೆಯ ಓದನ್ನು ಸ್ನಾತಕೋತ್ತರದಲ್ಲಿ ಸೇರಿಸಿಕೊಳ್ಳುವುದು ನಮ್ಮಲ್ಲಿ ಒಳ್ಳೆಯ ದಾರಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಅಧ್ಯಯನದ ಎಂಎ ಇದೆ. ಮುಂದೆ ಪಿಎಚ್‌ಡಿ ಅಂದರೆ ಐಐಎಸ್ಸಿ ಆವರಣದಲ್ಲೇ ಇರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಪರಿಸರ ವಿಷಯಕ್ಕೆ ಬೆಂಗಳೂರಿನದೇ ಸಂಶೋಧನಾ ಸಂಸ್ಥೆ ಏಟ್ರೀ, ದೆಹಲಿಯ ಜೆಎನ್‌ಯುನಲ್ಲಿ ವಿಜ್ಞಾನ ನೀತಿ ಅಧ್ಯಯನ ಕೇಂದ್ರ, ಇವೆಲ್ಲ ವಿಜ್ಞಾನದಿಂದ ಬಂದವರನ್ನೂ ತೆಗೆದುಕೊಳ್ಳುತ್ತವೆ. ಪಿಯುಸಿ ಓದುತ್ತಿರುವ ತಂಗಿ ತಮ್ಮಂದಿರು ಇದ್ದರೆ ಅವರಿಗೆ ಹೇಳಿ, 2011ರಲ್ಲಿ ಶುರುವಾದ ಐಐಎಸ್ಸಿಯ ನಾಲ್ಕು ವರ್ಷದ ಪದವಿಯಲ್ಲಿ ಮಾನವಿಕ ವಿಷಯಗಳನ್ನೂ ಕಡ್ಡಾಯವಾಗಿ ಓದಿಸುತ್ತಾರೆ.

ಸದ್ಯಕ್ಕೆ ನೀವು ಮಾಡಬಹುದಾದ್ದು ಇದು. ನಿಮ್ಮ ಕಾಲೇಜಿನ ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರ ವಿಭಾಗದ ಒಬ್ಬ ಮೇಷ್ಟ್ರ ಹತ್ತಿರ ಹೋಗಿ. ನಿಮ್ಮ ಊರಿನ ಒಂದು ವಿಷಯ, ಪಾವಗಡದ ನೀರಿನ ಫ್ಲೋರೈಡ್ ಆಗಬಹುದು, ಶುದ್ಧ ನೀರಿನ ಘಟಕ ಕೆಟ್ಟು ನಿಂತಿರುವುದಾಗಬಹುದು, ಇದರ ಬಗ್ಗೆ ಹತ್ತು ಪುಟ ಬರೆಯುತ್ತೇನೆ, ನೋಡಿ ಕೊಡುತ್ತೀರಾ ಅಂತ ಕೇಳಿ. ನೀರಿನ ಪರೀಕ್ಷೆ ನಿಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಾಡಿ, ನೀರು ತರುವವರ ಮಾತನ್ನು ಊರಲ್ಲಿ ಕೇಳಿ. ನಾಳೆ ಯಾವ ಸಂಸ್ಥೆಗೆ ಅರ್ಜಿ ಹಾಕಿದರೂ ಆ ಹತ್ತು ಪುಟ ನಿಮ್ಮ ಪರವಾಗಿ ಮಾತಾಡುತ್ತದೆ.

ಪ್ರಶ್ನೆ: ಬಾಸ್ಟನ್ ಹತ್ತಿರ ಮೂರನೇ ವರ್ಷದಲ್ಲಿದ್ದೇನೆ. ಪ್ರಬಂಧಕ್ಕೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ ಆರಿಸಿಕೊಂಡಿದ್ದೇನೆ. ಈ ಬೇಸಿಗೆಯಲ್ಲಿ ಊರಿಗೆ ಬಂದಾಗ ರೈತರನ್ನು ಮಾತಾಡಿಸಬೇಕು. ಏನೇನು ತಯಾರಿ ಬೇಕು?

ಉತ್ತರ: ತುಂಬ ಒಳ್ಳೆಯ ವಿಷಯ. 2018ರಲ್ಲಿ ಆ ನೀರು ಕೋಲಾರದ ಕಡೆ ಹರಿದಾಗ ಕೆರೆ ತುಂಬಿತು ಅಂತ ಖುಷಿಪಟ್ಟವರೂ ಇದ್ದರು, ಎರಡನೇ ಹಂತಕ್ಕೇ ಸಂಸ್ಕರಣೆ ನಿಲ್ಲಿಸಿದ್ದೀರಿ, ಮೂರನೇ ಹಂತ ಬೇಕು ಅಂತ ಕೋರ್ಟಿಗೆ ಹೋದವರೂ ಇದ್ದರು. ನೀರಿನ ಗುಣಮಟ್ಟ, ಅಂತರ್ಜಲ, ಬೆಳೆ, ಕಾನೂನು, ಎಲ್ಲ ಒಂದೇ ಕಡೆ ಸಿಗುತ್ತವೆ.

ಮೊದಲು ಐಆರ್‌ಬಿ, ಅಂದರೆ ಸಂಶೋಧನೆಯ ನೀತಿ ನಿಯಮ ನೋಡುವ ಸಮಿತಿಯ, ಒಪ್ಪಿಗೆ. ಮನುಷ್ಯರನ್ನು ಸಂದರ್ಶಿಸಿ ಸಂಶೋಧನೆ ಮಾಡುವುದಾದರೆ ನಿಮ್ಮ ವಿಶ್ವವಿದ್ಯಾಲಯದ ಆ ಸಮಿತಿಯ ಮುಂದೆ ಮೊದಲೇ ಅರ್ಜಿ ಇಡಬೇಕು. ಮಾತಾಡಿಸಿ ಬಂದಮೇಲೆ ಒಪ್ಪಿಗೆ ಕೇಳಿದರೆ ಆ ಮಾತುಗಳನ್ನು ಪ್ರಬಂಧದಲ್ಲಿ ಬಳಸಲು ಬಿಡುವುದಿಲ್ಲ. ಅರ್ಜಿಯಲ್ಲಿ ನಿಮ್ಮ ಪ್ರಶ್ನೆಗಳ ಪಟ್ಟಿ, ಒಪ್ಪಿಗೆ ಪತ್ರದ ಕನ್ನಡ ರೂಪ, ಹೆಸರು ಹೇಗೆ ಮರೆಮಾಡುತ್ತೀರಿ ಅನ್ನುವುದು ಬೇಕಾಗುತ್ತದೆ. ಬೇಸಿಗೆಗೆ ಬರುವುದಾದರೆ ಫೆಬ್ರವರಿಯಲ್ಲೇ ಕೊಡಿ, ತಿದ್ದಿ ತನ್ನಿ ಅಂತ ಒಂದು ಸಲವಾದರೂ ವಾಪಸ್ ಕಳಿಸುತ್ತಾರೆ. ಕನ್ನಡದ ಒಪ್ಪಿಗೆ ಪತ್ರ ಸರಳವಾಗಿರಲಿ. ಕೋಲಾರದ ಕಡೆ ತೆಲುಗು ಮಾತಾಡುವ ಮನೆಗಳೂ ಬೇಕಾದಷ್ಟಿವೆ. ಅವರಿಗೆ ಅವರ ಮಾತಿನಲ್ಲೇ ಓದಿ ಹೇಳುವವರೊಬ್ಬರು ಜೊತೆಗಿರಲಿ. ರೈತರು ಸಹಿ ಅಂದರೆ ಹೆದರುತ್ತಾರೆ, ಜಮೀನಿನ ಕಾಗದ ಇರಬಹುದಾ ಅಂತ. ಬಾಯಿಮಾತಿನ ಒಪ್ಪಿಗೆ ಪಡೆಯಲು ಅನುಮತಿ ಕೊಡಿ ಅಂತ ಸಮಿತಿಯನ್ನು ಕೇಳಬಹುದು, ಕಾರಣ ಬರೆದರೆ ಒಪ್ಪುವ ಸಾಧ್ಯತೆ ಇದೆ.

ಕೆರೆ ಕೆಳಗಿನ ಜಮೀನಿನವರನ್ನು ಮಾತ್ರ ಮಾತಾಡಿಸಿ ಬರಬೇಡಿ. ಮೀನು ಹಿಡಿಯುವವರು, ಕುರಿ ಮೇಯಿಸುವವರು, ಜಮೀನಿಲ್ಲದ ಕೂಲಿಯವರು, ನೀರು ಇನ್ನೂ ಬಾರದ ಕೆರೆಯ ಊರಿನವರು, ಇವರೆಲ್ಲರ ಹತ್ತಿರ ಕೂತು ಕೇಳಿ. ಹೆಂಗಸರನ್ನು ಮನೆಯ ಗಂಡಸರು ಎದುರಿಗೆ ಇಲ್ಲದಾಗ ಪ್ರತ್ಯೇಕವಾಗಿ ಕೇಳಿ. ಸಂಸ್ಕರಣಾ ಘಟಕದ ಎಂಜಿನಿಯರ್‌ಗಳ ಮಾತೂ ಇರಲಿ, ಅವರನ್ನು ಎದುರಾಳಿ ಅಂದುಕೊಂಡು ಹೋಗಬೇಡಿ. ನೀರಿನ ಪರೀಕ್ಷೆಯ ವರದಿಗಳನ್ನು ಮಾಹಿತಿ ಹಕ್ಕಿನಡಿ ಕೇಳುವುದಾದರೆ ಉತ್ತರಕ್ಕೆ 30 ದಿನ ಸಮಯ ಇರುತ್ತದೆ. ಹಾಗಾಗಿ ಆ ಅರ್ಜಿಯನ್ನು ನೀವು ವಿಮಾನ ಹತ್ತುವ ಮೊದಲೇ ಊರಿನಲ್ಲಿರುವವರ ಕೈಯಲ್ಲಿ ಹಾಕಿಸಿ. ಪ್ರಬಂಧ ಮುಗಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು ನಿಮ್ಮ ಜೊತೆ ಮಾತಾಡಿದ ಊರುಗಳ ಗ್ರಾಮ ಪಂಚಾಯಿತಿಗೆ ಕೊಟ್ಟು ಬನ್ನಿ. ಈ ಪತ್ರಿಕೆಗೂ ಒಂದು ಪ್ರತಿ ಕಳಿಸಿ.